ಗ್ಲೋವ್ ಬಾಕ್ಸ್ ಹಿಂದಿನ ಖಾಲಿ ಜಾಗ

ಬಿಲ್ ನನ್ನ ಕೈಯಲ್ಲೇ ಇತ್ತು. ಒಂದಲ್ಲ, ಆರು ಬಿಲ್. ಆರು ವರ್ಷ, ವರ್ಷಕ್ಕೊಂದು ಸರ್ವಿಸ್. ಪ್ರತಿ ಬಿಲ್ಲಿನಲ್ಲೂ ಆಯಿಲ್, ಆಯಿಲ್ ಫಿಲ್ಟರ್, ಕೂಲೆಂಟ್, ವಾಟರ್ ವಾಷ್ ಎಲ್ಲ ಆದಮೇಲೆ ಕೆಳಗೊಂದು ಸಾಲು: 'ಎ.ಸಿ. ಫಿಲ್ಟರ್ ಕ್ಲೀನಿಂಗ್'. ಅದರ ಮುಂದೆ ದುಡ್ಡು. ದೊಡ್ಡ ಮೊತ್ತ ಏನಲ್ಲ. ಅದಕ್ಕೇ ನಾನು ಒಂದು ಸಲವೂ ಕೇಳಿರಲಿಲ್ಲ.

ಆ ಭಾನುವಾರ ಕಾರಿನ ಎಡಗಡೆ ಬಾಗಿಲು ತೆಗೆದು, ಪಾರ್ಕಿಂಗ್ ನೆಲದ ಮೇಲೆ ಮಂಡಿಯೂರಿ ಕೂತು ಗ್ಲೋವ್ ಬಾಕ್ಸ್ ಬಿಚ್ಚಿದೆ. ಹಿಂದೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಉದ್ದನೆಯ ಸಣ್ಣ ಮುಚ್ಚಳ. ಕ್ಲಿಪ್ ಒತ್ತಿ ಮುಚ್ಚಳ ತೆಗೆದೆ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಫಿಲ್ಟರ್ ಕೂರೋಕೆ ಅಂತ ಮಾಡಿದ ಜಾಗ ಇತ್ತು. ಅದನ್ನು ಜಾರಿಸಿ ಒಳಗೆ ತಳ್ಳೋಕೆ ಎರಡೂ ಕಡೆ ಪಟ್ಟಿ ಇತ್ತು. ಫಿಲ್ಟರ್ ಮಾತ್ರ ಇರಲಿಲ್ಲ.

ಬಿಡಿಭಾಗದ ಅಂಗಡಿಗೆ ಹೋಗಿ ಕೇಳಿದರೆ ಆತ ನಕ್ಕ. "ನಿಮ್ಮ ವೇರಿಯಂಟ್‌ಗೆ ಕಂಪನಿಯಿಂದಲೇ ಬರಲ್ಲ ಸಾರ್. ಟಾಪ್ ಮಾಡೆಲ್‌ಗೆ ಮಾತ್ರ. ಆದ್ರೆ ಪೆಟ್ಟಿಗೆ ಎರಡಕ್ಕೂ ಒಂದೇ. ತಗೊಂಡೋಗಿ ಹಾಕ್ಕೊಳ್ಳಿ, ಕೂರುತ್ತೆ."

ಅಂದರೆ ಏನು? ಆರು ವರ್ಷ ನಾನು ಇಲ್ಲದ ಫಿಲ್ಟರ್ ತೊಳೆಸಿದ್ದೆ. ದಿನಾ ರಾತ್ರಿ 9 ಗಂಟೆಗೆ ಸ್ಟುಡಿಯೋದಲ್ಲಿ ಕೂತು "ದಾಖಲೆ ಎಲ್ಲಿದೆ ತೋರಿಸಿ" ಅಂತ ಮಂತ್ರಿಗಳನ್ನು ಕೇಳೋ ಮನುಷ್ಯ ನಾನು. ಮೇಲಾಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರ. ಬಿಡಿ, ಅದನ್ನು ಜಾಸ್ತಿ ಬೆಳೆಸೋದು ಬೇಡ.

ನನಗೆ ನಾಚಿಕೆ ಆಗಿದ್ದು ದುಡ್ಡಿಗಲ್ಲ, ಅವ್ವನ ಮಾತಿಗೆ. ವರ್ಷಕ್ಕೆ ಮೂರ್ನಾಲ್ಕು ಸಲ ಅವ್ವನನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕರಕೊಂಡು ಬರ್ತೀನಿ. ಆಕೆಗೆ ಧೂಳಿನ ಅಲರ್ಜಿ. ಎ.ಸಿ. ಹಾಕಿದ ಐದು ನಿಮಿಷಕ್ಕೆ ಸೀನು ಶುರು. ರಾಣೆಬೆನ್ನೂರು ದಾಟೋದರೊಳಗೆ ಸೆರಗು ಮೂಗಿಗೆ ಹೋಗಿರುತ್ತೆ. "ಏಸಿ ಬಂದ್ ಮಾಡೋ, ಒದ್ದಿ ಅರಿವಿ ವಾಸನಿ ಬರಾಕತ್ತೈತಿ. ಕಿಡಕಿ ತಗಿ" ಅಂತಾಳೆ. ನಾನು ಪ್ರತಿ ಸಲ ಒಂದೇ ಪಾಠ ಒಪ್ಪಿಸ್ತಿದ್ದೆ: "ಅವ್ವಾ, ಧೂಳು ಹೊರಗೈತಿ. ಒಳಗ ಫಿಲ್ಟರ್ ಐತಿ. ಬಿಲ್ ಐತಿ ನನ್ನ ಹತ್ರ."

ಆಕೆಯ ಮೂಗು ಸರಿ ಹೇಳ್ತಿತ್ತು, ನನ್ನ ಬಿಲ್ ಸುಳ್ಳು ಹೇಳ್ತಿತ್ತು.

ಆ ಖಾಲಿ ಜಾಗ ನನ್ನನ್ನು ಸುಮ್ಮನೆ ಬಿಡಲಿಲ್ಲ. ಅಲ್ಲ, ಕಾರು ಹುಟ್ಟಿ ಇಷ್ಟು ವರ್ಷ ಆಯಿತು, ಎಂಜಿನ್ ಉಸಿರಾಡೋ ಗಾಳಿಗೆ ಫಿಲ್ಟರ್ ಇಲ್ಲದ ಕಾರನ್ನು ಇವತ್ತು ಯಾರೂ ಮಾರೋದಿಲ್ಲ. ಬೇಸಿಕ್ ಮಾಡೆಲ್‌ಗೂ ಇರುತ್ತೆ. ಮನುಷ್ಯ ಉಸಿರಾಡೋ ಗಾಳಿಗೆ ಮಾತ್ರ 'ಟಾಪ್ ಮಾಡೆಲ್' ಅಂತ ಯಾಕೆ? ಇದನ್ನು ಹುಡುಕುತ್ತಾ ಹೋದರೆ ಒಂದು ವಿಚಿತ್ರ ಇತಿಹಾಸ ತೆರೆದುಕೊಳ್ತು.

ಮೊದಲು ಮೊನಾಕೊಗೆ ಹೋಗೋಣ. ವರ್ಷ 1902. ಮೆಡಿಟರೇನಿಯನ್ ತೀರದ ಪುಟ್ಟ ರಾಜ್ಯ, ಶ್ರೀಮಂತರ ಆಟದ ಮನೆ. ಹೊಸದಾಗಿ ಬಂದ ಮೋಟಾರು ಕಾರುಗಳು ಅಲ್ಲಿ ಓಡಾಡ್ತಿವೆ. ರಸ್ತೆಗಳೆಲ್ಲ ಜಲ್ಲಿ ಮತ್ತು ಮಣ್ಣು. ಕುದುರೆಗಾಡಿ ಓಡಾಡುವಾಗ ಏಳದಿದ್ದ ಧೂಳು ಕಾರು ಬಂದಮೇಲೆ ಮೋಡದ ಹಾಗೆ ಏಳೋಕೆ ಶುರುವಾಯಿತು. ಕಾರಿನಲ್ಲಿ ಕೂತವರಿಗೆ ಉದ್ದನೆಯ ಕೋಟು, ಕಣ್ಣಿಗೆ ದೊಡ್ಡ ಕನ್ನಡಕ, ಹೆಂಗಸರ ಮುಖಕ್ಕೆ ಪರದೆ. ದಾರಿಬದಿಯ ಮನೆಯವರಿಗೆ ಅದೂ ಇಲ್ಲ. ಮೊನಾಕೊದ ದೊರೆ ಒಂದನೇ ಆಲ್ಬರ್ಟ್ ಈ ಸಮಸ್ಯೆಯನ್ನು ಗುಗ್ಲಿಯೆಲ್ಮಿನೆಟ್ಟಿ ಅನ್ನೋ ಸ್ವಿಸ್ ವೈದ್ಯರ ಮುಂದಿಟ್ಟ. ಗಮನಿಸಿ, ಎಂಜಿನಿಯರ್ ಮುಂದಲ್ಲ, ವೈದ್ಯರ ಮುಂದೆ. ಆ ವೈದ್ಯರು ಏನು ಮಾಡಿದರು ಗೊತ್ತಾ? ರಸ್ತೆಯ ಒಂದು ತುಂಡಿಗೆ ಬಿಸಿ ಡಾಂಬರು ಬಳಿಸಿದರು. ಧೂಳು ಕೂತುಹೋಯಿತು. ಆಮೇಲೆ ಯುರೋಪಿನಾದ್ಯಂತ ಓಡಾಡಿ ಇದನ್ನೇ ಪ್ರಚಾರ ಮಾಡಿದರು. ಜನ ಅವರಿಗೆ 'ಡಾಕ್ಟರ್ ಗೂದ್ರೊನ್' ಅಂತ ಹೆಸರಿಟ್ಟರು, ಅಂದರೆ ಡಾಂಬರು ಡಾಕ್ಟ್ರು.

ಕಾರು ಎಬ್ಬಿಸಿದ ಧೂಳಿಗೆ ಮೊದಲ ಮದ್ದು ಬಿದ್ದಿದ್ದು ಕಾರಿನೊಳಗಲ್ಲ, ರಸ್ತೆಯ ಮೇಲೆ. ಆ ಮದ್ದು ಕಾರಿನಲ್ಲಿದ್ದವನಿಗೂ ಆಯಿತು, ಪಕ್ಕದಲ್ಲಿ ನಡೆದುಹೋಗುವವನಿಗೂ ಆಯಿತು.

ಮುಂದಿನ ಕಥೆ ಹಾಗಾಗಲಿಲ್ಲ.

1920ರ ದಶಕ ಮುಗಿಯೋ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗ್ತಿದ್ದ ಕಾರುಗಳಲ್ಲಿ ಹೆಚ್ಚಿನವು ಮೇಲೆ ಸೂರು, ಸುತ್ತ ಗಾಜು ಇದ್ದ ಮುಚ್ಚಿದ ಕಾರುಗಳು. ಮಳೆ, ಚಳಿಯಿಂದ ಬಚಾವ್. ಆದರೆ ಸಂದುಗೊಂದುಗಳಿಂದ ಗಾಳಿ, ಎಂಜಿನ್ ವಾಸನೆ, ಧೂಳು ಎಲ್ಲ ಒಳಗೆ. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಅದು ಒಳಗಿನ ಹಳೇ ಗಾಳಿಯನ್ನೇ ಬಿಸಿ ಮಾಡಿ ತಿರುಗಿಸುತ್ತಿತ್ತು.

ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಊರಿನಲ್ಲಿ ನ್ಯಾಶ್ ಅನ್ನೋ ಕಾರು ಕಂಪನಿ ಇತ್ತು. 1937ರಲ್ಲಿ ಅದು ಇನ್ನೊಂದು ಕಂಪನಿ ಜೊತೆ ವಿಲೀನ ಆಯಿತು. ಆ ಇನ್ನೊಂದು ಕಂಪನಿಯ ಹೆಸರು ಕೇಳಿದರೆ ನಿಮ್ಮಲ್ಲಿ ನಲವತ್ತು ದಾಟಿದವರು ಒಂದು ಕ್ಷಣ ನಿಲ್ತೀರಿ. ಕೆಲ್ವಿನೇಟರ್! ಹೌದು, ನಮ್ಮ ಅಡುಗೆಮನೆಗಳಿಗೆ ಬಂದ ಅದೇ ಫ್ರಿಜ್ ಹೆಸರು. ಕಾರು ಮಾಡುವವರು ಮತ್ತು ಫ್ರಿಜ್ ಮಾಡುವವರು ಒಂದೇ ಸೂರಿನಡಿ ಬಂದರು. 1938ರ ಮಾದರಿಯ ನ್ಯಾಶ್ ಕಾರಿನಲ್ಲಿ ಹೊಸದೊಂದು ವ್ಯವಸ್ಥೆ ಬಂತು. ಗಾಜಿನ ಮುಂದಿನ ಕಿಂಡಿಯಿಂದ ಹೊರಗಿನ ತಾಜಾ ಗಾಳಿ ಎಳೆದುಕೊಳ್ಳೋದು, ಅದನ್ನು ಫಿಲ್ಟರ್ ಮೂಲಕ ಹಾಯಿಸೋದು, ಎಂಜಿನ್ನಿನ ಬಿಸಿನೀರು ಹರಿಯೋ ಕೊಳವೆಗಳ ಮೇಲೆ ಹಾಯಿಸಿ ಬೆಚ್ಚಗೆ ಮಾಡೋದು, ಆಮೇಲೆ ಫ್ಯಾನಿನಿಂದ ಒಳಗೆ ತಳ್ಳೋದು. ಮರುವರ್ಷ ಅದಕ್ಕೆ ಥರ್ಮೋಸ್ಟಾಟ್ ಸೇರಿಸಿ 'ವೆದರ್ ಐ' ಅಂತ ಹೆಸರಿಟ್ಟರು.

ಇದರಲ್ಲಿ ಒಂದು ಸೊಗಸಾದ ಎಂಜಿನಿಯರಿಂಗ್ ಇದೆ. ಒಳಗೆ ಬರೋ ಗಾಳಿ ಸ್ವಲ್ಪ ಒತ್ತಡದಿಂದ ಬರೋದರಿಂದ, ಕಾರಿನೊಳಗಿನ ಒತ್ತಡ ಹೊರಗಿಗಿಂತ ಕೂದಲೆಳೆಯಷ್ಟು ಜಾಸ್ತಿ ಇರುತ್ತೆ. ಆಗ ಬಾಗಿಲಿನ ಸಂದಿನಿಂದ ಗಾಳಿ ಹೊರಗೆ ಹೋಗುತ್ತೆ, ಒಳಗೆ ಬರಲ್ಲ. ಧೂಳಿಗೆ ಒಂದೇ ಬಾಗಿಲು ಉಳಿಯಿತು, ಆ ಬಾಗಿಲಲ್ಲಿ ಕಾವಲುಗಾರ ಕೂತ. ಇವತ್ತು ನಿಮ್ಮ ಕಾರಿನಲ್ಲಿ ಇರೋದೂ ಇದೇ ಲೆಕ್ಕ. ಎಂಬತ್ತು ವರ್ಷ ದಾಟಿದ ಐಡಿಯಾ.

ಮರುವರ್ಷವೇ, 1939ರಲ್ಲಿ, ಪ್ಯಾಕರ್ಡ್ ಕಂಪನಿ ನಿಜವಾಗಿ ತಂಪು ಮಾಡೋ ಎ.ಸಿ. ಇರೋ ಕಾರು ತಂತು. ಅದರ ಯಂತ್ರ ಹಿಂದಿನ ಡಿಕ್ಕಿಯ ಅರ್ಧ ಜಾಗ ನುಂಗಿತ್ತು. ಬೇಡ ಅಂದಾಗ ಕಂಪ್ರೆಸರ್ ನಿಲ್ಲಿಸಬೇಕಾ? ಇಳಿದು, ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಬೇಕು! ಎರಡು ವರ್ಷದಲ್ಲಿ ಅದು ನಿಂತುಹೋಯಿತು. ಆ ಎ.ಸಿ.ಯಲ್ಲಿ ಹರಿಯುತ್ತಿದ್ದ ಅನಿಲ ಫ್ರಿಯಾನ್. ಅದನ್ನು ರೂಪಿಸಿದ ತಂಡದ ಮುಂದಾಳು ಥಾಮಸ್ ಮಿಜ್ಲಿ. ಈ ಮನುಷ್ಯನೇ 1921ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸೋ ದಾರಿ ಕಂಡುಹಿಡಿದವನು. ಊರಿನ ಗಾಳಿಗೆ ಸೀಸ ಕೊಟ್ಟವನೂ ಅವನೇ, ಕಾರಿನೊಳಗಿನವರಿಗೆ ತಂಪು ಕೊಟ್ಟವನೂ ಅವನೇ. ನಾನು ಸ್ಕ್ರಿಪ್ಟ್ ಬರೆದಿದ್ದರೆ 'ಇದು ಅತಿಯಾಯಿತು' ಅಂತ ನಮ್ಮ ಎಡಿಟರ್ ಕತ್ತರಿಸ್ತಿದ್ದರು.

ನ್ಯಾಶ್ ಅಂಥದ್ದೊಂದು ಫಿಲ್ಟರ್ ತಂದರೂ ಬೇರೆಯವರು ತಕ್ಷಣ ಹಿಂದೆ ಓಡಲಿಲ್ಲ. ಯಾಕಂದ್ರೆ ಯಾರೂ ಕೇಳಲಿಲ್ಲ. ಡಾಂಬರು ಬಂದು ಧೂಳು ಕಡಿಮೆಯಾಗಿತ್ತು. ಕೇಳುವವರು ಹುಟ್ಟಬೇಕಾದರೆ ಬೇರೊಂದು ಕಾಯಿಲೆ ಬೇಕಾಯಿತು.

ಆ ಕಾಯಿಲೆಯ ಕಥೆಗೆ ಇನ್ನೂ ಹಿಂದೆ ಹೋಗಬೇಕು. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ತನ್ನದೇ ಮೂಗಿನ ಕಥೆಯನ್ನು ವೈದ್ಯರ ಸಭೆಯ ಮುಂದಿಟ್ಟ. ಪ್ರತಿ ಬೇಸಿಗೆಯಲ್ಲಿ ಕಣ್ಣು ಉರಿ, ಸೀನು, ಎದೆ ಬಿಗಿತ. ಕಾರಣ ಅವನಿಗೆ ಗೊತ್ತಾಗಲಿಲ್ಲ, ಬಿಸಿಲು ಅಂದುಕೊಂಡ. ಉತ್ತರ ಸಿಕ್ಕಿದ್ದು ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಬ್ಲ್ಯಾಕ್ಲಿ ಅನ್ನೋ ಇನ್ನೊಬ್ಬ ವೈದ್ಯನಿಗೆ. ಅವನಿಗೂ ಅದೇ ಕಾಯಿಲೆ. ಆತ ಹುಲ್ಲಿನ ಹೂಪುಡಿಯನ್ನು ತನ್ನ ಮೂಗಿಗೇ ಹಾಕಿಕೊಂಡು ನೋಡಿದ. ಚರ್ಮ ಕೆರೆದು ಅಲ್ಲಿ ಪರಾಗ ಇಟ್ಟು, ದದ್ದು ಏಳೋದನ್ನು ನೋಡಿದ. ಇವತ್ತು ಅಲರ್ಜಿ ಡಾಕ್ಟರ್ ಹತ್ತಿರ ಕೈಮೇಲೆ ಚುಚ್ಚಿ ಮಾಡ್ತಾರಲ್ಲ, ಆ ಪರೀಕ್ಷೆಯ ಮೂಲ ಅಲ್ಲಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗಿಂತ ಮೇಲೆ ಹಾರಿಸಿದ. ಇಳಿಸಿ ಸೂಕ್ಷ್ಮದರ್ಶಕದಲ್ಲಿ ಎಣಿಸಿದ. ಅಷ್ಟು ಎತ್ತರದಲ್ಲೂ ಪರಾಗ! 1873ರಲ್ಲಿ ಪುಸ್ತಕ ಬರೆದ. ಮೂಗಿನೊಳಗೆ ನಡೀತಿರೋದಕ್ಕೆ ಕಾರಣ ಗಾಳಿಯಲ್ಲಿ ತೇಲೋ ಕಣ್ಣಿಗೆ ಕಾಣದ ಕಣ ಅಂತ ಸಾಬೀತಾಯಿತು.

ನಮ್ಮಲ್ಲಿ ಈ ಕೆಲಸಕ್ಕೆ ಒಂದು ಗಿಡವೇ ಸಾಕು. ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ಹೊಲ, ಸೈಟು, ಹೈವೇ ಬದಿ ಎಲ್ಲ ಆಕ್ರಮಿಸಿದ ಕಳೆ. ಹಳ್ಳಿಯವರ ಬಾಯಲ್ಲಿ ಅದು 'ಕಾಂಗ್ರೆಸ್ ಗಿಡ'. (ಹೆಸರು ನಾನಿಟ್ಟಿದ್ದಲ್ಲ, ದಯವಿಟ್ಟು ಟ್ರೋಲ್ ಮಾಡಬೇಡಿ.) ಅದನ್ನು ತಿನ್ನಲಿ ಅಂತ ಮೆಕ್ಸಿಕೊದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಜೀರುಂಡೆ ಮಳೆಗಾಲದಲ್ಲಿ ಚೆನ್ನಾಗಿ ತಿನ್ನುತ್ತೆ, ಗಿಡ ಅದಕ್ಕಿಂತ ಚೆನ್ನಾಗಿ ಬೆಳೆಯುತ್ತೆ. ಅವ್ವನ ಅಲರ್ಜಿ ಪಟ್ಟಿಯಲ್ಲಿ ಮನೆಧೂಳಿನ ಕೆಳಗೆ ಎರಡನೇ ಹೆಸರು ಅದರದ್ದೇ.

ಈಗ ಫಿಲ್ಟರ್ ಹೇಗೆ ಕೆಲಸ ಮಾಡುತ್ತೆ ಅಂತ ಎರಡು ಮಾತು. ಯಾಕಂದ್ರೆ ನಾವೆಲ್ಲ ಅದನ್ನು ಜರಡಿ ಅಂದುಕೊಂಡಿದ್ದೀವಿ. ಅದು ಜರಡಿ ಅಲ್ಲ. ಅದರ ಎಳೆಗಳ ನಡುವಿನ ಸಂದು, ಅದು ಹಿಡಿಯೋ ಕಣಕ್ಕಿಂತ ಎಷ್ಟೋ ದೊಡ್ಡದು. ಹಾಗಾದರೆ ಹಿಡಿಯೋದು ಹೇಗೆ? ದೊಡ್ಡ ಕಣಕ್ಕೆ ಭಾರ ಜಾಸ್ತಿ. ಗಾಳಿ ಎಳೆಯನ್ನು ಸುತ್ತಿಕೊಂಡು ತಿರುಗಿದಾಗ ಕಣ ತಿರುಗಲಾರದೆ ನೇರ ಹೋಗಿ ಗುದ್ದುತ್ತೆ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ವೇಗವಾಗಿ ಬಂದ ಲಾರಿ ತಡೆಗೋಡೆಗೆ ಗುದ್ದೋ ಹಾಗೆ. ತೀರಾ ಸಣ್ಣ ಕಣದ್ದು ಇನ್ನೊಂದು ಕಥೆ. ಗಾಳಿಯ ಅಣುಗಳು ಅದನ್ನು ಅತ್ತಿತ್ತ ತಳ್ಳುತ್ತವೆ. ಕುಡಿದವನು ರಸ್ತೆ ತುಂಬ ಅಡ್ಡಾದಿಡ್ಡಿ ನಡೆದು ಯಾವುದಾದರೂ ಒಂದು ಕಂಬಕ್ಕೆ ಡಿಕ್ಕಿ ಹೊಡೀತಾನಲ್ಲ, ಹಾಗೆ ಅದೂ ಎಳೆಗೆ ಅಂಟಿಕೊಳ್ಳುತ್ತೆ. ತಪ್ಪಿಸಿಕೊಳ್ಳೋ ಚಾಲಾಕಿ ಯಾರು? ನಡುವಿನವನು. ಗುದ್ದುವಷ್ಟು ಭಾರ ಇಲ್ಲ, ತೂರಾಡುವಷ್ಟು ಹಗುರ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ನೊಬೆಲ್ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಆ ಚಾಲಾಕಿಯ ಅಳತೆ ಲೆಕ್ಕ ಹಾಕಿದರು, 0.3 ಮೈಕ್ರಾನ್ ಆಸುಪಾಸು. ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಧೂಳು ಹಿಡಿಯೋಕೆ ಮಾಡಿದ ಫಿಲ್ಟರುಗಳಿಂದಲೇ ಇವತ್ತಿನ 'ಹೆಪಾ' ಹುಟ್ಟಿದ್ದು. 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡಿದರೆ ಮಾತ್ರ ಅದಕ್ಕೆ ಆ ಹೆಸರು. ಸಾಮಾನ್ಯ ಕಾರಿನ ಫಿಲ್ಟರ್ ಅಷ್ಟು ಸಮರ್ಥ ಅಲ್ಲ. ಆದರೆ ಪರಾಗದ ಕಣ ಸಾಮಾನ್ಯವಾಗಿ 10 ಮೈಕ್ರಾನಿಗಿಂತ ದೊಡ್ಡದು. ಅದಕ್ಕೆ ಈ ಕಾವಲುಗಾರ ಧಾರಾಳ ಸಾಕು.

ಹೊಗೆಯ ಅನಿಲಗಳ ಮಾತು ಬೇರೆ. ಅನಿಲಕ್ಕೆ ಎಳೆ ಸಾಲದು, ಇದ್ದಿಲು ಬೇಕು. 1915ರ ಏಪ್ರಿಲ್ 22. ಬೆಲ್ಜಿಯಂನ ಈಪರ್ ಊರಿನ ಹತ್ತಿರ ಜರ್ಮನ್ ಸೇನೆ ಕ್ಲೋರಿನ್ ಬಿಟ್ಟಿತು. ಸೈನಿಕರು ಒದ್ದೆ ಬಟ್ಟೆ ಮುಖಕ್ಕೆ ಒತ್ತಿಕೊಂಡರು. ಅದೇ ವರ್ಷ ರಷ್ಯಾದ ರಸಾಯನಶಾಸ್ತ್ರಜ್ಞ ನಿಕೊಲಾಯ್ ಝೆಲಿನ್‌ಸ್ಕಿ, ಹದ ಮಾಡಿದ ಇದ್ದಿಲು ತುಂಬಿದ ಮುಖವಾಡ ಮಾಡಿದ. ಆ ಇದ್ದಿಲಿನ ಒಂದು ಗ್ರಾಂ ಒಳಗೆ ಇರೋ ರಂಧ್ರಗಳ ಮೇಲ್ಮೈ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆಸುಪಾಸು. ಅನಿಲದ ಅಣುಗಳು ಅಲ್ಲಿ ಹೋಗಿ ಕೂರುತ್ತವೆ. ಅಮೆರಿಕನ್ನರು ಯುದ್ಧಕ್ಕೆ ಇಳಿದಾಗ ಒಳ್ಳೆಯ ಇದ್ದಿಲು ಯಾವುದರಿಂದ ಅಂತ ಹುಡುಕಿದರು. ಉತ್ತರ ತೆಂಗಿನ ಚಿಪ್ಪು! ಚಿಪ್ಪು ಸಾಲದೆ ಬಂದಾಗ ಪೀಚ್ ಹಣ್ಣಿನ ಓಟೆ ಬಿಸಾಡಬೇಡಿ, ಸೈನಿಕರಿಗೆ ಕೊಡಿ ಅಂತ ದೇಶದ ತುಂಬ ಪ್ರಚಾರ ನಡೀತು. ನಮ್ಮ ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯೋ ಚಿಪ್ಪಿಗೆ ಇವತ್ತೂ ಬೆಲೆ ಇರೋದು ಈ ಗುಣಕ್ಕೇ.

ಒಂದು ಎಚ್ಚರಿಕೆ. ಕಾರ್ಬನ್ ಮಾನಾಕ್ಸೈಡ್ ಅನ್ನೋ ಪ್ರಾಣಘಾತಕ ಅನಿಲವನ್ನು ಈ ಇದ್ದಿಲೂ ಹಿಡಿಯೋದಿಲ್ಲ. 'ಕಾರ್ಬನ್ ಫಿಲ್ಟರ್ ಇದೆ' ಅಂತ ಗಾಜು ಏರಿಸಿ, ಎಂಜಿನ್ ಓಡಿಸಿಕೊಂಡು ಮುಚ್ಚಿದ ಗ್ಯಾರೇಜಿನಲ್ಲಿ ಮಲಗಬೇಡಿ.

ಈಗ ಲಾಸ್ ಏಂಜಲೀಸ್. 1943ರ ಜುಲೈ 26. ನಡುಹಗಲಲ್ಲಿ ಊರಿನ ಮೇಲೆ ಕಂದು ಮಬ್ಬು ಇಳಿಯಿತು. ಕಣ್ಣು ಉರಿ, ಗಂಟಲು ಕೆರೆತ. ಯುದ್ಧದ ಕಾಲ ನೋಡಿ, ಜಪಾನಿನವರು ವಿಷಾನಿಲ ಬಿಟ್ಟಿದ್ದಾರೆ ಅಂತ ಜನ ಹೆದರಿದರು. ನಿಜವಾದ ಆರೋಪಿ ಸಿಕ್ಕಿದ್ದು ವರ್ಷಗಳ ನಂತರ. ಹಿಡಿದವನು ಆರೀ ಹಾಗನ್-ಸ್ಮಿತ್. ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತೆ ಅಂತ ಅಧ್ಯಯನ ಮಾಡ್ತಿದ್ದ ಡಚ್ ಮೂಲದ ವಿಜ್ಞಾನಿ! ಕಾರುಗಳ ಹೊಗೆಯೂ ತೈಲ ಸಂಸ್ಕರಣಾಗಾರದ ಆವಿಯೂ ಬಿಸಿಲಿಗೆ ಸೇರಿ ಓಝೋನ್ ಆಗುತ್ತೆ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ. ಕಾರು ಕಂಪನಿಗಳು ಸುಲಭಕ್ಕೆ ಒಪ್ಪಲಿಲ್ಲ. ಆದರೆ ಅಲ್ಲಿಂದ ಶುರುವಾದ ಜಗಳ ಕಾನೂನಾಗಿ, 1975ರ ಮಾದರಿಯ ಅಮೆರಿಕನ್ ಕಾರುಗಳ ಹೊಗೆಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಇದು ಮತ್ತೆ ಡಾಂಬರು ಡಾಕ್ಟ್ರ ದಾರಿ. ಹೊಗೆ ಹೊರಡೋ ಕಡೆಯೇ ಹಿಡಿಯೋದು, ಎಲ್ಲರ ಮೂಗಿಗೂ ಸೇರಿಸಿ.

ಭಾರತದಲ್ಲಿ ಆ ದಾರಿ ನಿಧಾನ. 1995ರ ಏಪ್ರಿಲ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯ ಆಗಿದ್ದು ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈಗಳಲ್ಲಿ ಮಾರೋ ಹೊಸ ಪೆಟ್ರೋಲ್ ಕಾರುಗಳಿಗೆ. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಸೀಸ ಇಲ್ಲದ ಪೆಟ್ರೋಲ್ ದೇಶಕ್ಕೆಲ್ಲ ಬಂದಿದ್ದು 2000ದ ಫೆಬ್ರವರಿಗೆ. ಅಂದರೆ ನಾನು ಶಾಲೆಗೆ ಹೋಗ್ತಿದ್ದ ಕಾಲದ ಗಾಳಿಯಲ್ಲೂ ಮಿಜ್ಲಿಯ ಸೀಸ ಇತ್ತು.

ಹೊಗೆಕೊಳವೆಯ ಜಗಳ ಹೀಗೆ ನಡೀತಿರುವಾಗಲೇ, ಯುರೋಪಿನವರು ಮೂಗಿನ ಕಡೆಯ ಉಪಾಯಕ್ಕೆ ಮರಳಿದರು. ಸ್ವೀಡನ್ನಿನ ಸಾಬ್ ಕಂಪನಿ 1978ರಲ್ಲಿ ತಂದ ಸಾಬ್ 900 ಕಾರಿನಲ್ಲಿ ಪರಾಗ ತಡೆಯೋ ಫಿಲ್ಟರ್ ಇತ್ತು. ಬ್ಲ್ಯಾಕ್ಲಿಯ ಪುಸ್ತಕ ಬಂದು ನೂರೈದು ವರ್ಷಕ್ಕೆ. ಜರ್ಮನಿಯ ವೈನ್‌ಹೈಮ್ ಊರಿನಲ್ಲಿ ಫ್ರಾಯ್ಡನ್‌ಬರ್ಗ್ ಅನ್ನೋ ಹಳೇ ಚರ್ಮದ ಕಂಪನಿ. ಚರ್ಮ ಸಿಗದ 1930ರ ದಶಕದಲ್ಲಿ ಕೃತಕ ಚರ್ಮ ಮಾಡೋಕೆ ಹೋಗಿ, ನೇಯದೆ ಎಳೆಗಳನ್ನು ಒತ್ತಿ ಮಾಡೋ ಬಟ್ಟೆ ಕಲಿತರು. ಯುದ್ಧ ಮುಗಿದ ಮೇಲೆ ಅದು ಕೋಟಿನ ಕಾಲರ್ ಒಳಗಿನ ಗಟ್ಟಿ ಪಟ್ಟಿ ಆಯಿತು. ಕೊನೆಗೆ ಮಡಿಕೆ ಮಡಿಕೆಯಾಗಿ ಕಾರಿನ ಗಾಳಿಪೆಟ್ಟಿಗೆಯೊಳಗೆ ಬಂದು ಕೂತಿತು. ನಿಮ್ಮ ಕಾರಿನ ಫಿಲ್ಟರ್ ಕಾಗದದ ಹಾಗೆ ಕಾಣುತ್ತಲ್ಲ, ಅದು ಕಾಗದ ಅಲ್ಲ, ಈ ಜಾತಿಯ ಬಟ್ಟೆ. ಅದರ ಎಳೆಗಳಿಗೆ ಬಹಳಷ್ಟು ಸಲ ಸ್ಥಾಯೀ ವಿದ್ಯುತ್ ಕೊಟ್ಟಿರ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯೋ ಹಾಗೆ ಅದು ಆ ಚಾಲಾಕಿ ಕಣವನ್ನೂ ಎಳೆದುಕೊಳ್ಳುತ್ತೆ. ಸೋಪು ನೀರಲ್ಲಿ ತೊಳೆದರೆ ಆ ಶಕ್ತಿ ಹೋಯಿತು. ನನ್ನ ಬಿಲ್ಲಿನಲ್ಲಿದ್ದ 'ಕ್ಲೀನಿಂಗ್' ನಿಜವಾಗಿ ಮಾಡಿದ್ದರೂ ಅದು ಫಿಲ್ಟರ್ ಹಾಳು ಮಾಡೋ ಕೆಲಸವೇ ಆಗ್ತಿತ್ತು!

ನಮ್ಮಲ್ಲಿ? ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಮುಂದಿನ ಕಿಟಕಿಗೆ ತ್ರಿಕೋನದ ಒಂದು ಪುಟ್ಟ ಗಾಜು ಇರ್ತಿತ್ತು. ಅದನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ. ಅದೇ ನಮ್ಮ ಎ.ಸಿ., ಅಮ್ಮಂದಿರ ಸೆರಗೇ ಫಿಲ್ಟರ್. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಆಮೇಲೆ ತೊಂಬತ್ತರ ದಶಕದ ಉದಾರೀಕರಣ, ಹೊರದೇಶದ ವಿನ್ಯಾಸದ ಕಾರುಗಳು. ಗಾಳಿಪೆಟ್ಟಿಗೆ ಅಲ್ಲಿನ ವಿನ್ಯಾಸದ್ದೇ, ಫಿಲ್ಟರಿನ ಜಾಗ ಸಮೇತ. ಅಚ್ಚು ಬದಲಿಸೋದು ದುಬಾರಿ, ಫಿಲ್ಟರ್ ಬಿಡೋದು ಅಗ್ಗ. ಗಿರಾಕಿ ಮೈಲೇಜ್ ಕೇಳ್ತಾನೆ, ಮ್ಯೂಸಿಕ್ ಸಿಸ್ಟಮ್ ಕೇಳ್ತಾನೆ. ಗ್ಲೋವ್ ಬಾಕ್ಸ್ ಹಿಂದೆ ಏನಿದೆ ಅಂತ ಯಾರು ಕೇಳ್ತಾರೆ? ಕೆಲವು ಕಾರುಗಳಲ್ಲಿ ಆ ಜಾಗಕ್ಕೆ ಬಿಚ್ಚೋ ಮುಚ್ಚಳವೂ ಇಲ್ಲ, ಪ್ಲಾಸ್ಟಿಕ್ಕಿನಲ್ಲೇ ಮುಚ್ಚಿ ಅಚ್ಚು ಹಾಕಿರ್ತಾರೆ. ಅದರ ಗೆರೆ ಹಿಡಿದು ಚಾಕುವಿನಲ್ಲಿ ಕೊಯ್ದರೆ ಒಳಗೆ ಫಿಲ್ಟರಿನ ಮನೆ ಸಿದ್ಧ. ನನ್ನದು ಅಷ್ಟು ಕಷ್ಟ ಕೊಡಲಿಲ್ಲ.

ಇನ್ನು ಹಾಕಿದ ಕಥೆ. ಕೆಲಸ ಸುಲಭ, ನಿಮಗೂ ಬರುತ್ತೆ. ಗ್ಲೋವ್ ಬಾಕ್ಸಿನಲ್ಲಿರೋ ಸಾಮಾನು ಖಾಲಿ ಮಾಡಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ಅದರ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ತಡೆ ಬಿಟ್ಟು ಪೂರ್ತಿ ಕೆಳಗೆ ಜೋತುಬೀಳುತ್ತೆ. ಪಕ್ಕದಲ್ಲಿ ಸಣ್ಣ ಹಗ್ಗವೋ ಕಡ್ಡಿಯೋ ಇದ್ದರೆ ಮೊದಲು ಅದನ್ನು ಬಿಡಿಸಿ. ಜೋರು ಮಾಡಬೇಡಿ, ಪ್ಲಾಸ್ಟಿಕ್ ಕ್ಲಿಪ್ ಮುರಿದರೆ ಜೀವನಪರ್ಯಂತ ಗಡಗಡ.

ಮುಚ್ಚಳ ತೆಗೆದ ಜಾಗದಲ್ಲಿ ನನಗೆ ಸಿಕ್ಕಿದ್ದು ಒಣಗಿದ ಹೊಂಗೆ ಎಲೆ, ಒಂದು ಬಸ್ ಟಿಕೆಟ್ ಚೂರು (ಅದು ಹೇಗೆ ಬಂತೋ ದೇವರಿಗೇ ಗೊತ್ತು), ಮತ್ತು ಬೆರಳಿಗೆ ಹತ್ತಿಯ ಹಾಗೆ ಎದ್ದುಬರೋ ಬೂದು ಧೂಳು. ಫಿಲ್ಟರ್ ಇಲ್ಲದ ಆರು ವರ್ಷದ ಧೂಳು ನೇರ ಹೋಗಿ ಕೂತಿದ್ದು ಎ.ಸಿ.ಯ ತಂಪು ಕೊಡೋ ಕಾಯಿಲ್ ಮೇಲೆ. ಆ ಕಾಯಿಲ್ ಯಾವಾಗಲೂ ಬೆವರುತ್ತೆ. ತೇವ ಮತ್ತು ಧೂಳು ಸೇರಿದರೆ ಬೂಷ್ಟು. ಬೂಷ್ಟಿನ ವಾಸನೆ ಹೇಗಿರುತ್ತೆ? ಒದ್ದೆ ಬಟ್ಟೆಯ ಹಾಗೆ. ಅವ್ವ ರಾಣೆಬೆನ್ನೂರಿನಲ್ಲಿ ಹೇಳಿದ್ದು ಅದನ್ನೇ, ಅಕ್ಷರಶಃ. ನಾನು ಕೈಹಾಕಿ ಎಳೆಯೋಕೆ ಆಗಿದ್ದನ್ನು ವ್ಯಾಕ್ಯೂಮ್ ಕ್ಲೀನರ್ ಹಿಡಿದು ತೆಗೆದೆ. ಕಾಯಿಲ್ ಮಾತ್ರ ಮೆಕ್ಯಾನಿಕ್ ಹತ್ತಿರ ಫೋಮ್ ಹಾಕಿಸಿ ತೊಳೆಸಿದೆ. ಈ ಸಲ ಪಕ್ಕದಲ್ಲೇ ನಿಂತಿದ್ದೆ.

ಫಿಲ್ಟರಿನ ಅಂಚಿನಲ್ಲಿ ಒಂದು ಬಾಣದ ಗುರುತು ಇರುತ್ತೆ. ಅದು ಗಾಳಿ ಹರಿಯೋ ದಿಕ್ಕು. ನಾನು ಮೊದಲ ಸಲ ತಲೆಕೆಳಗಾಗಿ ಹಾಕಿದೆ, ಪದವಿಯ ಸಮೇತ. ದಿಕ್ಕು ಗೊತ್ತಾಗದಿದ್ದರೆ ಹೀಗೆ ಮಾಡಿ: ಫ್ಯಾನ್ ನಿಧಾನಕ್ಕೆ ಇಟ್ಟು, ಖಾಲಿ ಜಾಗದ ಬಾಯಿಯ ಹತ್ತಿರ ಟಿಶ್ಯೂ ಕಾಗದದ ಒಂದು ಪಟ್ಟಿಯನ್ನು ಬಿಗಿಯಾಗಿ ಹಿಡಿಯಿರಿ. ಅದು ಯಾವ ಕಡೆ ಬಾಗುತ್ತೋ ಬಾಣ ಆ ಕಡೆ. ಕೈ ಬಿಟ್ಟರೆ ಕಾಗದ ಫ್ಯಾನಿನ ಪಾಲು. ಇದ್ದಿಲು ಇಲ್ಲದ ಸಾದಾ ಫಿಲ್ಟರ್ ಕೆಲವು ನೂರು ರೂಪಾಯಿ. ವರ್ಷಕ್ಕೊಮ್ಮೆ ಬದಲಿಸಿ, ಧೂಳಿನ ದಾರಿಯಾದರೆ ಇನ್ನೂ ಬೇಗ. ಫಿಲ್ಟರ್ ಹಾಕಿದ ಮೇಲೆ ಗಾಳಿಯ ರಭಸ ಒಂಚೂರು ಕಡಿಮೆ ಆಗುತ್ತೆ, ಗಾಬರಿ ಬೇಡ. ಮತ್ತೆ ಒಳಗಿನ ಗಾಳಿಯನ್ನೇ ತಿರುಗಿಸೋ ಬಟನ್ ಒತ್ತಿಕೊಂಡೇ ಹುಬ್ಬಳ್ಳಿವರೆಗೆ ಓಡಿಸಬೇಡಿ. ನಾಲ್ಕು ಜನರ ಉಸಿರಿನ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರಿ ತೂಕಡಿಕೆ ಬರುತ್ತೆ. ಅದನ್ನೂ ಯಾವ ಫಿಲ್ಟರೂ ಹಿಡಿಯೋದಿಲ್ಲ.

ಕಳೆದ ತಿಂಗಳು ಅವ್ವನನ್ನು ಕರಕೊಂಡು ಬಂದೆ. ಹಾವೇರಿ ಆಯಿತು, ರಾಣೆಬೆನ್ನೂರು ಆಯಿತು, ದಾವಣಗೆರೆಯಲ್ಲಿ ಬೆಣ್ಣೆದೋಸೆ ಆಯಿತು. ಸೆರಗು ಹೆಗಲ ಮೇಲೇ ಇತ್ತು. ಚಿತ್ರದುರ್ಗ ದಾಟಿದ ಮೇಲೆ ನಾನೇ ತಡೆಯಲಾರದೆ ಕೇಳಿದೆ, "ಅವ್ವಾ, ವಾಸನಿ ಬರಾಕತ್ತೈತೇನು?" ಆಕೆ ಒಂದು ಸಲ ಉಸಿರು ಎಳಕೊಂಡಳು. "ಇಲ್ಲಪಾ. ಬಿಲ್ ಬದಲಿ ಮಾಡಿಸಿದೇನು?"

ಬೆಂಗಳೂರು ಬಂತು. ಗೊರಗುಂಟೆಪಾಳ್ಯದ ಸಿಗ್ನಲ್. ಪಕ್ಕದಲ್ಲಿ ಲಾರಿ, ಮುಂದೆ ಬಸ್ಸು, ಮೇಲೆ ಫ್ಲೈಓವರ್. ನಾವಿಬ್ಬರೂ ಗಾಜು ಏರಿಸಿ ತಣ್ಣಗೆ ಕೂತಿದ್ದೆವು. ನಡುರಸ್ತೆಯಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸ್ ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡು ಕೈ ಬೀಸ್ತಿದ್ದ. ಅವ್ವ ಅವನನ್ನೇ ನೋಡ್ತಾ ಇದ್ದಳು. "ಅವಂಗೇನು ಹಾಕ್ಯಾರೋ?" ಅಂದಳು.

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ.